ಆಪಾ ಸ್ಟಿಯರಿಂಗ್ ಹಿಡಿದದ್ದು

ಆಪಾ ತೀರಿಕೊಂಡರೆಂದು ಗೊತ್ತಾಗಿ ಕಲಬುರಗಿಯ ಮೋಮಿನಪುರದ ಅವರ ಮನೆಗೆ ಹೋದಾಗ ಹೆಂಗಸರೆಲ್ಲ ಒಳಕೋಣೆಯಲ್ಲಿ ಕೂತಿದ್ದರು. ಆ ಕೋಣೆಯ ಕಿಟಕಿಯ ಪಕ್ಕ ಒಂದು ಮೇಜು. ಮೇಜಿನ ಮೇಲೆ ಕಂಪ್ಯೂಟರ್, ಅಂಚಿಗೆ ಬಿಗಿದ ಸ್ಟಿಯರಿಂಗ್ ಚಕ್ರ, ಕೆಳಗೆ ನೆಲದ ಮೇಲೆ ಮೂರು ಪೆಡಲ್. ಹೈದರಾಬಾದಿನಿಂದ ಬಂದಿದ್ದ ಸಂಬಂಧಿಕರೊಬ್ಬರು ಅದನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ಬಾಗಿ, ಇದು ಯಾವ ಹುಡುಗನ ಆಟದ ಸಾಮಾನು ಎಂದು ಉರ್ದುವಿನಲ್ಲಿ ಕೇಳಿದರು. ಆ ಮನೆಯಲ್ಲಿ ಹುಡುಗರು ಯಾರೂ ಇಲ್ಲ. ಇದು ಆಪಾದೇ ಎಂದೆ. ಆಕೆ ತಲೆಯಾಡಿಸಿ, ಸ್ವಲ್ಪ ದೂರ ಸರಿದು ಕೂತರು. ದುಃಖಕ್ಕೆ ನನ್ನ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಆ ಚಕ್ರವನ್ನು ಆ ಮೇಜಿಗೆ ಬಿಗಿದವಳು ನಾನು. ಆದ್ದರಿಂದ ಅದರ ಬಗ್ಗೆ ಹೇಳುವುದು ನನ್ನ ಪಾಲಿಗೆ ಬಂದಿದೆ.

ಕಮಲಾಪುರದ ಉರ್ದು ಹೈಸ್ಕೂಲಿನಲ್ಲಿ ಅವರು ಮುಖ್ಯೋಪಾಧ್ಯಾಯಿನಿ, ನಾನು ಕನ್ನಡ ಟೀಚರ್. ಇಬ್ಬರದೂ ಮನೆ ಕಲಬುರಗಿಯಲ್ಲಿ. ದಿನಾ ಒಂದೇ ಹಾದಿ, ಹೆಚ್ಚಾಗಿ ಒಂದೇ ಜೀಪು. ಮಕ್ಕಳು, ಮಾಸ್ತರರು, ಜೀಪಿನ ಡ್ರೈವರುಗಳು, ಕೊನೆಗೆ ತಪಾಸಣೆಗೆ ಬಂದ ಸಾಹೇಬರು ಕೂಡ ಅವರನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ಅವರು ಮಾತ್ರ ನನ್ನನ್ನು ಹೆಸರಿನಿಂದ ಕರೆದದ್ದಿಲ್ಲ. ಇಬ್ಬರೂ ಆ ಶಾಲೆ ಬಿಟ್ಟ ಮೇಲೂ ನಾನು ಅವರಿಗೆ 'ಕನ್ನಡ ಟೀಚರ್' ಆಗಿಯೇ ಉಳಿದೆ.

ಅವರು ಯಾರನ್ನೂ ಬೈಯುತ್ತಿರಲಿಲ್ಲ. ತಡವಾಗಿ ಬಂದ ಮಾಸ್ತರರಿಗೆ ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದರು. ಒಮ್ಮೆ ಅವರಿಂದ ಹಾಗೆ ನಮಸ್ಕಾರ ಮಾಡಿಸಿಕೊಂಡವರು ಮರುದಿನ ಗೇಟು ತೆರೆಯುವ ಮೊದಲೇ ಬಂದು ನಿಂತಿರುತ್ತಿದ್ದರು. ಹೊಗಳುವುದರಲ್ಲೂ ಕೈ ಬಿಗಿ. ಜಿಲ್ಲೆಗೇ ಮೊದಲು ಬಂದ ಹುಡುಗಿಯ ಅಂಕಪಟ್ಟಿ ನೋಡಿ, "ಹ್ಞೂಂ, ನಡೀತದ" ಎಂದರು. ಆ ಹುಡುಗಿ ಖುಷಿಗೆ ಅತ್ತಳು. ಅಷ್ಟು ದೊಡ್ಡ ಮಾತು ಅವರ ಬಾಯಿಂದ ಬಂದದ್ದು ನಮ್ಮ ಶಾಲೆಯಲ್ಲಿ ಯಾರಿಗೂ ನೆನಪಿರಲಿಲ್ಲ.

ಜೀಪಿನಲ್ಲಿ ಅವರ ಜಾಗ ಡ್ರೈವರಿನ ಪಕ್ಕ. ಗಾಡಿ ಓಡಿಸುತ್ತ ಡ್ರೈವರ್ ಫೋನು ಕಿವಿಗೆ ಹಚ್ಚಿದರೆ ಆಪಾ ಮಾತಾಡದೆ ಅಂಗೈ ಚಾಚುತ್ತಿದ್ದರು. ಅವನು, "ಆಪಾ ಅದಾರ, ಆಮ್ಯಾಲ ಮಾಡ್ತೀನಿ" ಎಂದು ಆ ಕಡೆಯವರಿಗೆ ಹೇಳಿ ಫೋನನ್ನು ಅವರ ಕೈಗಿಡುತ್ತಿದ್ದ. ಕಮಲಾಪುರದಲ್ಲಿ ಇಳಿಯುವಾಗ ಅದು ವಾಪಸು ಸಿಗುತ್ತಿತ್ತು. ಉಳಿದ ಹೊತ್ತೆಲ್ಲ ಅವರ ಕಣ್ಣು ರಸ್ತೆಯ ಮೇಲೆ. ಹಿಂದೆ ಕೂತ ನಾವು ಹರಟೆ ಹೊಡೆಯುತ್ತಿದ್ದೆವು, ತೂಕಡಿಸುತ್ತಿದ್ದೆವು. ಆಪಾ ಮಾತ್ರ ಜೀಪನ್ನು ತಾವೇ ಓಡಿಸುತ್ತಿರುವ ಹಾಗೆ ಕೂತಿರುತ್ತಿದ್ದರು.

ನಿವೃತ್ತಿಯ ದಿನ ಭಾಷಣ ಮಾಡಿದವರೆಲ್ಲ ಅವರನ್ನು ತಾಯಿ ಎಂದರು. ಒಬ್ಬರು ಸಾವಿರ ಮಕ್ಕಳ ತಾಯಿ ಎಂದರು, ಇನ್ನೊಬ್ಬರು ಆ ಸಂಖ್ಯೆಯನ್ನು ಹೆಚ್ಚಿಸಿದರು. ಕಡೆಗೆ ಆಪಾ ಮೈಕಿನ ಮುಂದೆ ನಿಂತು, "ನಾನು ಯಾರ ತಾಯಿನೂ ಅಲ್ಲ. ಹೆಡ್ ಮಿಸ್ ಇದ್ದೆ. ಅದು ಸಣ್ಣ ಕೆಲಸ ಅಲ್ರಿ" ಎಂದು ಹೇಳಿ ಕೂತರು. ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಜನ ಒಬ್ಬರ ಮುಖ ಒಬ್ಬರು ನೋಡಿದರು.

ನಿವೃತ್ತಿಯಾದ ಮರುವರ್ಷ ಅವರ ಗಂಡ ಹೋದರು. ಗಂಡನ ಕಾರು ಅಂಗಳದಲ್ಲಿ ಹೊದಿಕೆ ಹೊದ್ದು ನಿಂತಿತು. ಆಪಾಗೆ ಒಬ್ಬ ತಮ್ಮ. ಟೈರಿನ ಅಂಗಡಿ ಇಟ್ಟಿದ್ದಾರೆ, ಗಾಡಿಗಳ ಮೇಲೆ ಜೀವ. ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು, ಹೊದಿಕೆ ತೆಗೆದು, ಕಾರನ್ನು ಸ್ವಲ್ಪ ಹೊತ್ತು ಚಾಲೂ ಮಾಡಿಟ್ಟು, ಮತ್ತೆ ಹೊದಿಸಿ ಹೋಗುತ್ತಿದ್ದರು. ಹೋಗುವ ಮುನ್ನ ಬಾಗಿಲಲ್ಲಿ ನಿಂತು ಅದೇ ಮಾತು ಹೇಳುತ್ತಿದ್ದರು: "ಆಪಾ, ನಿಂತು ನಿಂತು ಗಾಡಿ ಹಾಳಾಗತದ. ನಾ ಒಯ್ತೀನಿ ಕೊಡು. ನಿನಗ ಬೇಕಾದಾಗ ನಾನೇ ಬಂದು ಬಿಡ್ತೀನಲ್ಲ."

ಒಂದು ಶುಕ್ರವಾರ ಆಪಾ, "ನಾ ಕಲೀತೀನಿ" ಎಂದರು.

ತಮ್ಮ ನಕ್ಕರು. ಆಪಾ ನಗಲಿಲ್ಲ. ಕೊನೆಗೆ ಒಂದು ಕರಾರಾಯಿತು. ಆಪಾ ತಾವೇ ಕಾರು ಓಡಿಸಿ ತಮ್ಮನನ್ನು ಕಮಲಾಪುರದವರೆಗೆ ಕರೆದೊಯ್ಯಬೇಕು. ಹಾಗೆ ಮಾಡಿದರೆ ಕಾರು ಇಲ್ಲೇ, ಆಗದಿದ್ದರೆ ಟೈರಿನ ಅಂಗಡಿಗೆ.

ಡ್ರೈವಿಂಗ್ ಕ್ಲಾಸಿಗೆ ಸೇರಿದರು. ಕೆಲವು ದಿನಕ್ಕೇ ಬಿಟ್ಟರು. ಯಾಕೆಂದು ಕೇಳಿದೆ.

"ಆ ಮಾಸ್ತರ ಕಾಲಾಗೂ ಒಂದು ಬ್ರೇಕ್ ಅದರಿ, ಒಂದು ಕ್ಲಚ್ ಅದ. ಗಾಡಿ ನಿಂತ್ರ ನಾ ನಿಲ್ಸಿದೆನೋ ಅವ ನಿಲ್ಸಿದನೋ ಗೊತ್ತಾಗಂಗಿಲ್ಲ. 'ಛಲೋ ಹೊಡದ್ರಿ ಆಪಾ' ಅಂತಾನ. ಯಾರು ಹೊಡದ್ರು?"

ಅದಾದ ಕೆಲವೇ ದಿನಕ್ಕೆ ಫೋನು ಬಂತು. "ಕನ್ನಡ ಟೀಚರ್, ನಿಮಗ ಕಂಪ್ಯೂಟರ್ ಬರ್ತದಲ್ಲ? ಜರಾ ಮನಿಗಿ ಬರ್ರಿ."

ನನಗೆ ಕಂಪ್ಯೂಟರ್ ಬರುತ್ತದೆ ಎಂಬ ಸುದ್ದಿಯ ಮೂಲ ಇಷ್ಟೆ: ಶಾಲೆಯ ಕಂಪ್ಯೂಟರ್ ಮಾಸ್ತರರಿಗೆ ವರ್ಗವಾದಾಗ ಆ ಕೋಣೆಯ ಕೀಲಿ ನನ್ನ ಕೈಗೆ ಬಂದಿತ್ತು. ಕೀಲಿಯ ಜೊತೆ ವಿದ್ಯೆಯೂ ಬಂದಿದೆಯೆಂದು ಎಲ್ಲರೂ ನಂಬಿದರು. ಕೆಲವು ವರ್ಷಗಳಾದ ಮೇಲೆ ನಾನೂ ನಂಬಿದೆ.

ಹೋಗಿ ನೋಡಿದರೆ ನಡುಮನೆಯಲ್ಲಿ ಆಫೀಸಿನಲ್ಲಿರುವಂಥ ಒಂದು ಗಾಲಿ ಕುರ್ಚಿ, ಅದರ ಮೇಲೆ ಒಂದು ಸ್ಟಿಯರಿಂಗ್ ಚಕ್ರ, ಗೇರಿನ ಕೋಲು, ಪೆಡಲ್, ವೈರುಗಳ ಗಂಟು, ಪಕ್ಕದಲ್ಲಿ ಒಂದು ಹಳೆಯ ಕಂಪ್ಯೂಟರ್. ಊರಲ್ಲಿ ಒಂದು ವಿಡಿಯೋ ಗೇಮಿನ ಅಂಗಡಿ ಮುಚ್ಚುತ್ತಿತ್ತಂತೆ. ಆಪಾ ಅಲ್ಲಿಗೆ ಕುರ್ಚಿ ಕೊಳ್ಳಲು ಹೋಗಿ ಇದನ್ನೆಲ್ಲ ಕೊಂಡು ತಂದಿದ್ದರು.

"ಇದ್ರಾಗ ಬ್ರೇಕ್ ಒಬ್ರಿಗೇ ಅದ" ಎಂದರು. "ಹಚ್ಚಿ ಕೊಡ್ರಿ."

ಮೊದಲ ತೊಡಕು ಒಳಕೋಣೆಯ ಮೇಜು. ಅದು ಅವರ ತಂದೆಯ ಸಾಗವಾನಿ ಮೇಜು, ಹಲಗೆ ಬಹಳ ದಪ್ಪ. ಚಕ್ರವನ್ನು ಮೇಜಿಗೆ ಕಚ್ಚಿಸುವ ಹಿಡಿಕೆ ಅಷ್ಟು ಬಾಯಿ ಬಿಡಲಿಲ್ಲ. ಆಪಾ ಗಲ್ಲಿಯ ಬಡಗಿಯನ್ನು ಕರೆಸಿ ಅಂಚನ್ನು ಕೆತ್ತಿಸಿದರು. ಅದೇ ಹೊತ್ತಿಗೆ ಬಂದ ತಮ್ಮ ಬಾಗಿಲಲ್ಲೇ ನಿಂತುಬಿಟ್ಟರು.

"ಅಬ್ಬಾನ ಟೇಬಲ್, ಆಪಾ!"

"ಅಬ್ಬಾ ಇನ್ನ ಬಂದು ಬರೀತಾರೇನು?" ಎಂದರು ಆಪಾ, ಮರದ ಹೊಟ್ಟು ಗುಡಿಸುತ್ತ.

ಚಕ್ರ ಬಿಗಿದು, ಕರೆಂಟಿನ ವೈರು ಸಿಕ್ಕಿಸಿ, ಸ್ವಿಚ್ಚು ಹಾಕಿದೆ. ಚಕ್ರ ತಾನೇ ಎಡಕ್ಕೆ ಪೂರ್ತಿ ತಿರುಗಿತು, ಬಲಕ್ಕೆ ಪೂರ್ತಿ ತಿರುಗಿತು, ನಡುವೆ ಬಂದು ನಿಂತಿತು. ನಾನು ಎರಡು ಹೆಜ್ಜೆ ಹಿಂದೆ ಸರಿದಿದ್ದೆ. ಆಪಾ ಕುರ್ಚಿಯಿಂದ ಏಳಲಿಲ್ಲ.

"ಇದ್ರಾಗೂ ಒಬ್ಬ ಮಾಸ್ತರ ಅದಾನೇನ್ರಿ?"

ನಾನು ಫೋನಿನಲ್ಲಿ ಹುಡುಕಿ ಓದಿದೆ. ಚಕ್ರ ತನ್ನ ಎರಡು ತುದಿ ಎಲ್ಲಿವೆ, ನಡು ಎಲ್ಲಿದೆ ಎಂದು ಪ್ರತಿ ಸಲ ಹೀಗೆ ಅಳೆದುಕೊಳ್ಳುತ್ತದೆ, ಆಗ ಯಾರೂ ಮುಟ್ಟಬಾರದು ಎಂದು ತಿಳಿಯಿತು. ಆಪಾಗೆ ಅದು ಒಪ್ಪಿಗೆಯಾಯಿತು. ಆಮೇಲೆ ಸ್ವಿಚ್ಚು ಹಾಕಿದಾಗಲೆಲ್ಲ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಚಕ್ರದ ಕೆಲಸ ಮುಗಿಯುವವರೆಗೆ ಕಾಯುತ್ತಿದ್ದರು.

ಮುಂದಿನದು ಪೆಡಲ್. ಮನೆಗೆ ಹಾಸಿದ್ದು ನುಣುಪಾದ ಶಹಾಬಾದ್ ಕಲ್ಲು. ಆಪಾ ಬ್ರೇಕ್ ಒತ್ತಿದರು. ಪರದೆಯ ಮೇಲಿನ ಕಾರು ನಿಲ್ಲಲಿಲ್ಲ. ಪೆಡಲ್ ಗೋಡೆಯ ಕಡೆ ಹೋಯಿತು, ಗಾಲಿ ಕುರ್ಚಿಯಲ್ಲಿ ಕೂತ ಆಪಾ ಅಡುಗೆಮನೆಯ ಕಡೆ ಹೋದರು. ಬಾಗಿಲ ಚೌಕಟ್ಟು ಹಿಡಿದು ನಿಂತು, "ಇದು ಗಾಡಿ ಅಲ್ರಿ, ನನ್ನೇ ಓಡಿಸ್ತದ" ಎಂದರು. ಗಾಲಿ ಕುರ್ಚಿ ಹೊರಗೆ ಹೋಯಿತು, ಊಟದ ಮನೆಯ ಕಟ್ಟಿಗೆಯ ಕುರ್ಚಿ ಒಳಗೆ ಬಂತು. ಅದರ ಬೆನ್ನಿಗೆ ಕಬ್ಬಿಣದ ಅಲ್ಮಾರಿ, ಪೆಡಲಿಗೂ ಗೋಡೆಗೂ ನಡುವೆ ಒರಳುಕಲ್ಲು. ಚಟ್ನಿಗೆ ಮಿಕ್ಸರ್ ಇದೆಯಲ್ಲ ಎಂದರು.

ಆದರೂ ಕಾರು ಹೇಳಿದ ಮಾತು ಕೇಳಲಿಲ್ಲ. ಕಾಲು ಇಡದಿದ್ದರೆ ಬಾಣದ ಹಾಗೆ ಓಡುತ್ತಿತ್ತು, ಪೆಡಲ್ ಒತ್ತಿದರೆ ನಿಲ್ಲುತ್ತಿತ್ತು. ಪೆಡಲಿನ ಲೆಕ್ಕ ತಿರುಗುಮುರುಗಾಗಿದೆ ಎಂದು ಕಂಡುಹಿಡಿಯುವುದಕ್ಕೆ ನನಗೆ ಒಂದು ಮಧ್ಯಾಹ್ನ ಹಿಡಿಯಿತು. ಪರದೆಯ ಮೇಲೆ ಒಂದು ಚೌಕದಲ್ಲಿ ಗುರುತು ಹಾಕಿದೆ, ಸರಿಹೋಯಿತು. ಆಮೇಲೆ ಚಕ್ರದ ಸರದಿ. ಒಂದಿಷ್ಟು ತಿರುಗಿಸಿದರೆ ಕಾರು ಪೂರ್ತಿ ಹೊರಳಿ ಗೋಡೆಗೆ ಬಡಿಯುತ್ತಿತ್ತು. ಕಂಪ್ಯೂಟರಿನಲ್ಲಿದ್ದ ಆಟ ಮಾಡಿದವರು ರೇಸಿನ ಗಾಡಿಯ ಲೆಕ್ಕ ಹಿಡಿದಿದ್ದರು, ಅದರ ಸ್ಟಿಯರಿಂಗು ಅರ್ಧ ಸುತ್ತೂ ತಿರುಗುವುದಿಲ್ಲ. ಮನೆಯ ಕಾರಿನದು ಈ ತುದಿಯಿಂದ ಆ ತುದಿಗೆ ಹಲವು ಸುತ್ತು. ಆಪಾ ಎದ್ದುಹೋಗಿ, ಅಂಗಳದ ಕಾರಿನ ಹೊದಿಕೆ ತೆಗೆದು, ಒಳಗೆ ಕೂತು ತಿರುಗಿಸಿ ನೋಡಿ ಬಂದರು. ನಾನು ಚಕ್ರದ ಸುತ್ತು ಹೆಚ್ಚಿಸುತ್ತ ಹೋದೆ. "ಇನ್ನ ಬಿಡ್ರಿ... ಇನ್ನ ಜರಾ... ಹ್ಞೂಂ, ನಡೀತದ." ನನಗೆ ಜಿಲ್ಲೆಗೇ ಮೊದಲು ಬಂದಷ್ಟು ಸಂತೋಷವಾಯಿತು.

ಕಂಪ್ಯೂಟರಿಗೆ ಅಷ್ಟೊಂದು ತಾಕತ್ತಿರಲಿಲ್ಲ. ಪರದೆಯ ಮೇಲೆ ರಸ್ತೆ ಬಂದು ಎಷ್ಟೋ ಹೊತ್ತಾದ ಮೇಲೆ ಗಿಡಗಳು ಬರುತ್ತಿದ್ದವು. ಹೊರೆ ಇಳಿಸಲು ಏನೇನು ತೆಗೆಯಲಿ ಎಂದು ಕೇಳಿದೆ. "ಮಂದಿ ಬ್ಯಾಡ, ಮೋಡ ಬ್ಯಾಡ. ರೋಡ್ ಇರ್ಲಿ" ಎಂದರು.

ಮೊದಲ ರೇಸು ನನಗೆ ಚೆನ್ನಾಗಿ ನೆನಪಿದೆ. ಹಸಿರು ದೀಪ ಬಿತ್ತು. ಉಳಿದ ಕಾರುಗಳೆಲ್ಲ ಚೀರಿಕೊಂಡು ಹೋದವು. ಆಪಾ ಕನ್ನಡಿ ನೋಡಿದರು, ಕ್ಲಚ್ ಒತ್ತಿದರು, ಮೊದಲ ಗೇರು ಹಾಕಿದರು, ಎಡಬದಿ ಹಿಡಿದು ಹೊರಟರು. ಸ್ವಲ್ಪ ಹೊತ್ತಿನಲ್ಲಿ ಮುಂದೆ ಹೋದವರೇ ಹಿಂದಿನಿಂದ ಬಂದು ಅವರನ್ನು ದಾಟಿ ಹೋದರು.

"ಇವ್ರಿಗಿ ಏನು ಅವಸರ ಅದ?"

"ರೇಸ್ ಅದರಿ ಆಪಾ."

"ಎಲ್ಲಿಗಿ ಹೊಂಟಾರ?"

"ಎಲ್ಲಿಗೂ ಇಲ್ರಿ. ಸುತ್ತ ಹಾಕಿ ಇಲ್ಲಿಗೇ ಬರ್ತಾರ."

"ಹಂಗಾದ್ರ ಅವಸರ ಯಾಕ?"

ಆಮೇಲೆ ಇಂಡಿಕೇಟರ್ ಎಲ್ಲಿದೆ ಎಂದು ಕೇಳಿದರು. ರೇಸಿನ ಗಾಡಿಗೆ ಇಂಡಿಕೇಟರ್ ಇರುವುದಿಲ್ಲ ಎಂದೆ.

"ಮತ್ತ ತಿರುಗ್ತೀನಂತ ಹಿಂದಿನವ್ರಿಗಿ ಹೆಂಗ ಗೊತ್ತಾಗ್ಬೇಕು?"

"ಗೊತ್ತಾಗಬಾರದು ಅಂತನೇ ಆಟ ಅದರಿ."

ಆಪಾ ಚಕ್ರದಿಂದ ಕೈ ತೆಗೆದರು. "ಇದನ್ನ ತೆಗೀರಿ. ಬ್ಯಾರೆ ಹಾಕ್ರಿ."

ಹುಡುಕಿ ಬೇರೆ ಒಂದನ್ನು ಹಾಕಿಕೊಟ್ಟೆ. ಅದರಲ್ಲಿ ರೇಸಿಲ್ಲ, ಬರೀ ಊರು, ಹಳ್ಳಿ, ರಸ್ತೆ, ಸಿಗ್ನಲ್ಲು. ಚಕ್ರದ ಹಿಂದಿದ್ದ ಎರಡು ಗುಂಡಿಗಳನ್ನು ಎಡ ಬಲದ ಇಂಡಿಕೇಟರಾಗಿ ಮಾಡಿದೆ. ರಸ್ತೆ ಕೆಟ್ಟ ಕಡೆ ಚಕ್ರ ಕೈಯಲ್ಲಿ ನಡುಗುವ ಹಾಗೆ ಮಾಡಿದೆ. ಅದು ನಡುಗಿದಾಗ ಆಪಾ ಮೊದಲ ಸಲ ನಕ್ಕರು. "ನಮ್ಮ ರೋಡೇ ಅದ ನೋಡ್ರಿ."

ಹಾಗೆ ಅವರು ದಿನಾ ಒಳಕೋಣೆಯಲ್ಲಿ ಕಾರು ಓಡಿಸಿದರು. ಹೊರಡುವ ಮುನ್ನ ಚಪ್ಪಲಿ ಹಾಕಿಕೊಂಡು, ಕೈಚೀಲವನ್ನು ಪಕ್ಕದ ಸ್ಟೂಲಿನ ಮೇಲೆ ಇಟ್ಟುಕೊಳ್ಳುತ್ತಿದ್ದರು. ಆ ಹೊತ್ತಿಗೆ ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಆಮೇಲೆ ತಾವೇ ಮಾಡಿ, "ಗಾಡಿ ಮ್ಯಾಲ ಇದ್ದೆ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಹೋದಾಗ ಪರದೆಯ ಮೇಲೆ ಕಾರು ರಸ್ತೆಯ ಬದಿಗೆ ನಿಂತಿತ್ತು. ಎಂಜಿನ್ನಿನ ಸದ್ದು ಬರುತ್ತಿತ್ತು. ಆಪಾ ಚಕ್ರದ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದರು. ಏನಾದರೂ ಕೆಟ್ಟಿತೇ ಎಂದು ಕೇಳಿದೆ. ಇಲ್ಲ ಎಂದರು. ನಾನು ಕೂತೆ.

"ಅವ್ರು ಒಳ್ಳೇವ್ರಿದ್ರು, ಟೀಚರ್" ಎಂದರು. ಗಂಡನ ಮಾತೆಂದು ತಿಳಿಯಿತು. "ಒಂದು ದಿನಾನೂ ಇಲ್ಲ ಅಂದಿಲ್ಲ. ನಾ ಎಲ್ಲಿಗಿ ಹೋಗ್ಬೇಕು ಅಂದ್ರ ಅಲ್ಲಿಗಿ ಬಿಟ್ಟಾರ, ಕಾದಾರ, ಕರ್ಕೊಂಡು ಬಂದಾರ. ಆದ್ರ ಸುಮ್ನ ಹೋಗ್ಬೇಕು ಅನ್ನಿಸಿದ್ರ ಹೆಂಗ ಕೇಳೋದ್ರಿ? ಎಲ್ಲಿಗಿ ಅಂತ ಕೇಳ್ತಾರಲ್ಲ."

ಆಪಾ ಬಲಗಡೆಯ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಮತ್ತೆ ರಸ್ತೆಗೆ ಇಳಿದರು.

ಕೆಲವು ತಿಂಗಳ ಮೇಲೆ ಅದೇ ಡ್ರೈವಿಂಗ್ ಕ್ಲಾಸಿಗೆ ಮತ್ತೆ ಹೋದರು. ಈ ಸಲ ಒಂದು ಷರತ್ತು. "ಮಾಸ್ತರ, ಕಾಲು ಮ್ಯಾಲ ತಗೊಂಡು ಕೂಡ್ರಿ." ಆ ಮನುಷ್ಯ ಒಂದು ಕಾಲಕ್ಕೆ ಅವರ ವಿದ್ಯಾರ್ಥಿಯಾಗಿದ್ದನಂತೆ, ಬೇರೆ ದಾರಿ ಇರಲಿಲ್ಲ. ಊಟಕ್ಕೆ ಕೂತವನ ಹಾಗೆ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ, ಎರಡೂ ಕೈಯಲ್ಲಿ ಬಾಗಿಲ ಹಿಡಿ ಹಿಡಿದು ಕೂರುತ್ತಿದ್ದ. ಕೋಟನೂರಿನ ಕಡೆ ಆ ದೃಶ್ಯವನ್ನು ನೋಡಿದವರು ಈಗಲೂ ಇದ್ದಾರೆ. ಮನೆಯ ಚಕ್ರ ಎಲ್ಲವನ್ನೂ ಕಲಿಸಿರಲಿಲ್ಲ. ನಿಜವಾದ ಕ್ಲಚ್ಚು ಗಟ್ಟಿ, ನಿಜವಾದ ಎಮ್ಮೆ ಇಂಡಿಕೇಟರ್ ಹಾಕುವುದಿಲ್ಲ. ಆದರೆ ಕೈ ಕಾಲು ಕಣ್ಣು ಒಂದಕ್ಕೊಂದು ಪರಿಚಯವಾಗಿದ್ದವು. ಲೈಸೆನ್ಸ್ ಬಂತು. ತಮ್ಮನಿಗೆ ಫೋನು ಮಾಡಿ, "ಇತವಾರ ಖಾಲಿ ಅದಿಯೇನು?" ಎಂದು ಕೇಳಿದರು.

ಆ ಭಾನುವಾರ ಬೆಳಿಗ್ಗೆ ತಮ್ಮ ಮುಂದೆ ಕೂತರು, ನಾನು ಹಿಂದೆ. ನನ್ನನ್ನು ಕರೆದದ್ದು ಯಾಕೆಂದು ಆಪಾ ಹೇಳಲಿಲ್ಲ. ಸಾಕ್ಷಿಗೆ ಇರಬೇಕು. ತಾಜಸುಲ್ತಾನಪುರ ದಾಟುವವರೆಗೂ ತಮ್ಮ ಆಗಾಗ ಬಲಗಾಲಿನಿಂದ ಕಾರಿನ ನೆಲವನ್ನು ಬಲವಾಗಿ ಒತ್ತುತ್ತಿದ್ದರು. ಅಲ್ಲಿ ಏನೂ ಇರಲಿಲ್ಲ. ಆಪಾ ಒಮ್ಮೆ ಆ ಕಾಲಿನ ಕಡೆ ನೋಡಿ ಮತ್ತೆ ರಸ್ತೆ ನೋಡಿದರು.

ಕಮಲಾಪುರ ಇನ್ನೇನು ಹತ್ತಿರ ಬಂತು ಎನ್ನುವಾಗ, ಒಂದು ಏರಿನಲ್ಲಿ, ಮುಂದೆ ಹೋಗುತ್ತಿದ್ದ ತೊಗರಿ ಚೀಲಗಳ ಟ್ರ್ಯಾಕ್ಟರ್ ತಟ್ಟನೆ ನಿಂತಿತು. ಆಪಾ ಬ್ರೇಕ್ ಒತ್ತಿದರು, ಕಾರು ನಿಂತಿತು. ಹಿಂದೆ ಒಂದು ಲಾರಿ ನಮ್ಮ ಬೆನ್ನಿಗೆ ಬಂದು ನಿಂತು ಹಾರ್ನ್ ಹೊಡೆಯತೊಡಗಿತು. ಟ್ರ್ಯಾಕ್ಟರ್ ಕದಲಿತು. ಆಪಾ ಕ್ಲಚ್ ಬಿಟ್ಟರು, ಕಾರು ಒಮ್ಮೆ ಕುಪ್ಪಳಿಸಿ ಬಂದ್ ಆಯಿತು. ಬಂದ್ ಆದದ್ದೇ ಹಿಂದಕ್ಕೆ ಜಾರತೊಡಗಿತು. ಲಾರಿಯ ಮೂತಿ ಹಿಂದಿನ ಗಾಜಿನ ತುಂಬ ಕಂಡಿತು. ಇಂಥ ಏರು ನಾನು ಹಾಕಿಕೊಟ್ಟ ರಸ್ತೆಗಳಲ್ಲಿ ಇರಲಿಲ್ಲ.

ತಮ್ಮನ ಕೈ ಹ್ಯಾಂಡ್‌ಬ್ರೇಕಿನ ಕಡೆ ಹೋಯಿತು.

"ಕೈ" ಎಂದರು ಆಪಾ.

ಶಾಲೆಯಲ್ಲಿ ಕೇಳಿದ್ದ ದನಿ ಅದು. ತಮ್ಮನ ಕೈ ತಾನಾಗಿಯೇ ತೊಡೆಯ ಮೇಲೆ ಬಂದು ಕೂತಿತು. ಆಪಾ ತಾವೇ ಹ್ಯಾಂಡ್‌ಬ್ರೇಕ್ ಎಳೆದರು. ಕಾರು ನಿಂತಿತು. ಮತ್ತೆ ಚಾಲೂ ಮಾಡಿದರು, ಗೇರು ಹಾಕಿದರು, ಕ್ಲಚ್ಚನ್ನು ಎಷ್ಟು ನಿಧಾನ ಬಿಟ್ಟರೆಂದರೆ ಕಾರು ನಡುಗಿತೇ ಹೊರತು ಕದಲಲಿಲ್ಲ. ಆಗ ಹ್ಯಾಂಡ್‌ಬ್ರೇಕ್ ಇಳಿಸಿದರು. ಒಂದು ಗೇಣೂ ಹಿಂದೆ ಹೋಗದೆ ಕಾರು ಏರು ಹತ್ತಿತು. ಕನ್ನಡಿಯಲ್ಲಿ ಅವರ ಮೇಲ್ದುಟಿಯ ಮೇಲೆ ಬೆವರು ಕಂಡಿತು. ಕಣ್ಣು ಮುಚ್ಚಿಕೊಂಡಿದ್ದ ತಮ್ಮ ಆಮೇಲೆ ಕಣ್ಣು ತೆರೆದರು.

ಕಮಲಾಪುರದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಆಪಾ ಕಾರನ್ನು ಬದಿಗೆ ಹಚ್ಚಿ ನಿಲ್ಲಿಸಿದರು. ತಮ್ಮ ಇಳಿದುಹೋಗಿ ಕೆಂಪು ಬಾಳೆಹಣ್ಣು ಕೊಂಡು ಬಂದು, ಅರ್ಧವನ್ನು ಕಿಟಕಿಯಿಂದ ಅಕ್ಕನ ಕೈಗೆ ಕೊಟ್ಟರು. ಒಳಗೆ ಕೂರಲಿಲ್ಲ.

"ನನಗ ಇಲ್ಲಿ ಜರಾ ಕೆಲಸ ಅದ ಆಪಾ. ನಾ ಬಸ್ಸಿಗಿ ಬರ್ತೀನಿ. ನೀ ನಡಿ."

ಭಾನುವಾರ, ಕಮಲಾಪುರದಲ್ಲಿ, ಟೈರಿನ ಅಂಗಡಿಯವರಿಗೆ ಏನು ಕೆಲಸವೋ. ಆಪಾ ತಮ್ಮನ ಮುಖವನ್ನು ನೋಡಿದರು. ಅವರು ಎಲ್ಲೋ ನೋಡುತ್ತಿದ್ದರು. ಆಮೇಲೆ ಆಪಾ ಕನ್ನಡಿಯಲ್ಲಿ ನನ್ನನ್ನು ನೋಡಿದರು.

"ನಿಮಗೂ ಕೆಲಸ ಅದ ಏನ್ರಿ, ಕನ್ನಡ ಟೀಚರ್?"

"ಅದರಿ ಆಪಾ" ಎಂದು ಇಳಿದೆ.

ಶಾಲೆಯ ಗೇಟು ಒಮ್ಮೆ ನೋಡಿಕೊಂಡು ಹೊರಡುತ್ತೇನೆ ಎಂದು ಹೇಳಿ ಆಪಾ ಹೋದರು. ತಮ್ಮನೂ ನಾನೂ ಬಸ್ ಸ್ಟ್ಯಾಂಡಿನಲ್ಲಿ ಕೂತು ಬಾಳೆಹಣ್ಣು ತಿಂದೆವು. ಇಬ್ಬರ ಕೆಲಸವೂ ಅಷ್ಟೇ ಇತ್ತು. ಹುಮನಾಬಾದಿನ ಕಡೆಯಿಂದ ಬಂದ ಬಸ್ಸು ಸಿಕ್ಕಿತು, ಡ್ರೈವರಿನ ಹಿಂದಿನ ಸೀಟಿನಲ್ಲೇ ಜಾಗ ಸಿಕ್ಕಿತು.

ಊರು ಬಿಟ್ಟು ಸ್ವಲ್ಪ ದೂರವೂ ಬಂದಿರಲಿಲ್ಲ, ಮುಂದೆ ಆಪಾ ಅವರ ಕಾರು ಕಂಡಿತು. ಎಡಬದಿ ಹಿಡಿದು, ತನ್ನದೇ ವೇಗದಲ್ಲಿ ಹೋಗುತ್ತಿತ್ತು. ನಮ್ಮ ಡ್ರೈವರ್ ಹಾರ್ನಿಗೆ ಕೈ ಹಾಕಿದ. ತಮ್ಮ ಎದ್ದು ಹೋಗಿ ಅವನ ಪಕ್ಕ ನಿಂತರು.

"ಹಾರ್ನ್ ಹೊಡೀಬ್ಯಾಡ್ರಿ. ಹೊಸದಾಗಿ ಕಲ್ತಾರ."

"ಯಾರ್ರಿ ಅವ್ರು?"

"ನಮ್ಮ ಅಕ್ಕ."

ಡ್ರೈವರ್ ವೇಗ ಇಳಿಸಿದ. ತುಂಬಿದ ಬಸ್ಸು ಆ ಸಣ್ಣ ಕಾರಿನ ಹಿಂದೆ ನಿಧಾನ ಸಾಗಿತು. ಹಿಂದಿನ ಸೀಟಿನವರು ಏನಾಯಿತೆಂದು ಕತ್ತು ಚಾಚಿದರು. ಅಷ್ಟರಲ್ಲಿ ಕಾರಿನ ಎಡಗಡೆಯ ಇಂಡಿಕೇಟರ್ ಮಿಣುಕತೊಡಗಿತು. ತಿರುವು ಎಲ್ಲಿದೆ ಎಂದು ನಮಗೆ ಯಾರಿಗೂ ಕಾಣುತ್ತಿರಲಿಲ್ಲ. ಬಹಳ ದೂರ ಹೋದ ಮೇಲೆ ಒಂದು ಕಚ್ಚಾ ರಸ್ತೆ ಬಂತು. ಕಾರು ಮೆಲ್ಲಗೆ ಅತ್ತ ತಿರುಗಿ, ತೊಗರಿ ಹೊಲಗಳ ನಡುವೆ ಕೆಂಪು ಧೂಳು ಎಬ್ಬಿಸುತ್ತ ಹೋಯಿತು. ಆ ಕಡೆ ಅವರ ನೆಂಟರು ಯಾರೂ ಇದ್ದ ಹಾಗೆ ನನಗೆ ಗೊತ್ತಿಲ್ಲ. ತಮ್ಮನಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ. ಬಗ್ಗಿ ಕಿಟಕಿಯಲ್ಲಿ ಧೂಳು ಕಾಣುವವರೆಗೂ ನೋಡುತ್ತಿದ್ದರು.

"ಆ ಕಡಿ ಎಲ್ಲಿಗಿ ಹೊಂಟಾರ್ರಿ ಅವ್ರು?" ಎಂದ ಡ್ರೈವರ್.

ತಮ್ಮ ಕಂಬಿ ಹಿಡಿದು ನೆಟ್ಟಗೆ ನಿಂತರು.

"ನಾವು ಕೇಳಿಲ್ರಿ" ಎಂದರು.